ಕುಂಡದ ಟೊಮೇಟೊ ಕಾಂಡದ ತುಂಬ ಬಿಳಿ ಗುಳ್ಳೆ, ಒಂದು ಗಿಡ ಬೇರೆ ಬಾಡ್ತಿದೆ. ಏನಿದು?

ತಾರಸಿಗಿಡ
ಎಲ್ಲರಿಗೂ ನಮಸ್ಕಾರ. ತಾರಸಿ ಮೇಲೆ 4 ಕುಂಡದಲ್ಲಿ ಟೊಮೇಟೊ ಹಾಕಿದೀನಿ. ನಾಟಿ ಮಾಡಿ ಹತ್ತಿರತ್ತಿರ 2 ತಿಂಗಳಾಯ್ತು, ಸೊಂಟದೆತ್ತರ ಬಂದಿವೆ, ಹೂ ಇದೆ, ಎರಡರಲ್ಲಿ ಹೀಚೂ ಕಟ್ಟಿದೆ. ಮೊನ್ನೆ ಕೆಳಗಿನ ಹಳದಿ ಎಲೆ ಚಿವುಟೋಣ ಅಂತ ಬಗ್ಗಿದಾಗ ಕಣ್ಣಿಗೆ ಬಿತ್ತು, ಕಾಂಡದ ಬುಡದಿಂದ ಒಂದು ಗೇಣು ಮೇಲಿನ ತನಕ ಸಣ್ಣ ಸಣ್ಣ ಗುಳ್ಳೆ. ಸಾಸಿವೆಗಿಂತ ಚಿಕ್ಕದು, ಕೆಲವು ಬಿಳಿ, ಕೆಲವು ತಿಳಿಹಸಿರು, ಬೆರಳಾಡಿಸಿದ್ರೆ ಉಪ್ಪುಕಾಗದ ಮುಟ್ಟಿದ ಹಾಗೆ ತರಿತರಿ. ಉಗುರಲ್ಲಿ ಕೆರೆದ್ರೂ ಉದುರಲ್ಲ.

4 ಗಿಡದಲ್ಲೂ ಇದೆ, ಹೆಚ್ಚು ಕಮ್ಮಿ ಅಷ್ಟೆ. 4ನೇ ಗಿಡದ್ದು ಇನ್ನೊಂದು ಸಮಸ್ಯೆ, ಮಧ್ಯಾಹ್ನ ತುದಿ ಜೋತು ಬೀಳ್ತಿತ್ತು ಸಂಜೆ ಮತ್ತೆ ನೆಟ್ಟಗಾಗ್ತಿತ್ತು, ನಿನ್ನೆಯಿಂದ ಬೆಳಿಗ್ಗೆಯೂ ಎದ್ದಿಲ್ಲ. ಎಲೆ ಮಾತ್ರ ಇನ್ನೂ ಹಸಿರಾಗೇ ಇದೆ. ದಿನಾ ಎರಡು ಹೊತ್ತು ನೀರು ಹಾಕ್ತೀನಿ. ತಾಮ್ರದ ಔಷಧಿ, ಅದೇ ಕಾಪರ್ ಆಕ್ಸಿಕ್ಲೋರೈಡ್ ಪುಡಿ, ಮನೇಲಿದೆ, ನಾಳೆ ನಾಲ್ಕಕ್ಕೂ ಹೊಡೀಲಾ?

ಮೊಳಕೆ
ಹೊಡೀರಿ ಹೊಡೀರಿ, ಫಂಗಸ್ಸೇ ಅದು. ನನ್ನ ಗುಲಾಬಿಗೂ ಹಿಂಗೇ ಆಗಿತ್ತು.

ಬೇರುಬಳಗ
ದಯವಿಟ್ಟು ಹೊಡೀಬೇಡಿ. ಗುಳ್ಳೆ ರೋಗ ಅಲ್ಲ, ಬೇರಿನ ಮೊಳಕೆ. ಟೊಮೇಟೊ ಕಾಂಡಕ್ಕೆ ಎಲ್ಲಿ ಬೇಕಾದ್ರೂ ಬೇರು ಬಿಡೋ ಶಕ್ತಿ ಇದೆ, ತೊಗಟೆ ಒಳಗೆ ಬೇರಿನ ಮೂಲ ಕಾಯ್ತಾ ಕೂತಿರುತ್ತೆ, ಸಂದರ್ಭ ಸಿಕ್ಕಿದ್ರೆ ಹೊರಗೆ ತಲೆ ಹಾಕುತ್ತೆ. ಒಂದು ಗುಳ್ಳೆ ಬ್ಲೇಡಲ್ಲಿ ತೆಳ್ಳಗೆ ಸೀಳಿ ನೋಡಿ, ಒಳಗೆ ಬೆಳ್ಳಗೆ ಗಟ್ಟಿಯಾಗಿದ್ರೆ ಬೇರು. ಕಂದು ಬಣ್ಣ, ಲೋಳೆ, ಪುಡಿ ಇದ್ರೆ ಆಗ ಯೋಚನೆ ಮಾಡೋಣ.

4ನೇ ಗಿಡದ ವಿಷಯ ಬೇರೆ ಅನ್ಸುತ್ತೆ ನಂಗೆ. ಅದನ್ನ ಈ ಗುಳ್ಳೆ ಜೊತೆ ಸೇರಿಸಬೇಡಿ.

ಹಿತ್ತಲಮದ್ದು
ಹೌದು, ಆ ಗುಳ್ಳೆ ಬೇರಿನ ಮೊಳಕೆನೇ. ನಾನಂತೂ ಹಂಗೆ ಬಂದ ಕೂಡ್ಲೆ ಗುಳ್ಳೆ ಮುಚ್ಚೋ ಹಾಗೆ ಮಣ್ಣು ಏರಿಸಿಬಿಡ್ತೀನಿ. ಒಂದು ವಾರದಲ್ಲಿ ಅಷ್ಟೂ ಬೇರಾಗುತ್ತೆ, ಗಿಡ ಭದ್ರವಾಗುತ್ತೆ. ಖುಷಿಪಡೋ ವಿಷಯ ಇದು, ಹೆದರಬೇಡಿ ತಂಗಿ.

ಮಣ್ಣಿನವ
ಅಕ್ಕ, ಸ್ವಲ್ಪ ತಡೀರಿ. ಸುಮ್ಮನೆ ಸುಮ್ಮನೆ ಕಾಂಡ ಬೇರು ಬಿಡಲ್ಲ. ಕೆಳಗಿನ ಬೇರಿಗೆ ಉಸಿರಾಡಕ್ಕೆ ಗಾಳಿ ಇಲ್ಲ ಅಂದಾಗ ಮೇಲಿಂದ ಹೊಸ ಬೇರು ಬಿಡೋ ಪ್ರಯತ್ನ ಮಾಡುತ್ತೆ. ನೀರು ನಿಂತ ಮಣ್ಣಲ್ಲಿ ಬೇರು ಒಂದು ರಾಸಾಯನಿಕ ತಯಾರಿಸಿ ಮೇಲಕ್ಕೆ ಕಳಿಸುತ್ತೆ, ಕಾಂಡ ಎಲೆಯಲ್ಲಿ ಅದು ಎಥಿಲೀನ್ ಅನಿಲ ಆಗುತ್ತೆ, ಹಣ್ಣು ಮಾಗಿಸೋದೂ ಅದೇ ಅನಿಲ. ಅದರಿಂದ ಎಲೆ ತೊಟ್ಟು ಕೆಳಕ್ಕೆ ಬಾಗುತ್ತೆ, ಕಾಂಡದಲ್ಲಿ ಬೇರು ಮೂಡುತ್ತೆ. ಅಂಥಾ ಕುಂಡಕ್ಕೆ ಇನ್ನಷ್ಟು ಮಣ್ಣು ಏರಿಸಿದ್ರೆ ಒದ್ದೆ ಮಣ್ಣಲ್ಲಿ ಕಾಂಡವೇ ಕೊಳೆಯುತ್ತೆ. ಮೊದಲು ನೀರು ಇಳೀತಿದ್ಯಾ ನೋಡಬೇಕು, ಮಣ್ಣು ಆಮೇಲೆ.

ತಾರಸಿಗಿಡ ಅವ್ರೇ, ಕುಂಡದ ಕೆಳಗೆ ತಟ್ಟೆ ಇದ್ಯಾ? ತೂತು ಎಷ್ಟಿವೆ?

ಹಿತ್ತಲಮದ್ದು
ನಾನು 12 ವರ್ಷದಿಂದ ಮಣ್ಣು ಏರಿಸ್ತಿದೀನಿ ಒಂದೂ ಕೊಳೆತಿಲ್ಲ ಕಣಪ್ಪ.

ಮಣ್ಣಿನವ
ನಿಮ್ಮ ಮಣ್ಣಲ್ಲಿ ನೀರು ಇಳಿಯುತ್ತೆ ಅದಕ್ಕೆ ಕೊಳೆತಿಲ್ಲ ಅಕ್ಕ. ಇವರದ್ದು ಹೇಗಿದೆ ಗೊತ್ತಿಲ್ಲ ಅಂತಷ್ಟೇ ನಾನು ಹೇಳ್ತಿರೋದು.

ತಾರಸಿಗಿಡ
ತಟ್ಟೆ ಇದೆ, ನೆಲ ಕರೆ ಆಗ್ಬಾರ್ದು ಅಂತ. ತೂತು ತಳದಲ್ಲಿ 4. ಕೆಳಗೆ ಎರಡು ಇಂಚು ಜಲ್ಲಿಕಲ್ಲು ಹಾಕಿದೀನಿ, ನೀರು ಚೆನ್ನಾಗಿ ಬಸಿಯಲಿ ಅಂತಾನೇ.

ಗುಳ್ಳೆ ಸೀಳಿದೆ, ಒಳಗೆ ಪೂರ್ತಿ ಬೆಳ್ಳಗೆ, ಸೌತೆಕಾಯಿ ತಿರುಳಿನ ಹಾಗೆ ನೀರು ನೀರು. ಸ್ವಲ್ಪ ಸಮಾಧಾನ ಆಯ್ತು.

ಕುಂಡಲೋಕ
ಜಲ್ಲಿ ಹಾಕೋದೇ ತಪ್ಪು. ಎಲ್ರೂ ಹಾಕ್ತಾರೆ, ನಾನೂ ಹಾಕ್ತಿದ್ದೆ. ಸಣ್ಣ ಕಣದ ಮಣ್ಣಿಂದ ದಪ್ಪ ಜಲ್ಲಿಗೆ ನೀರು ಸಲೀಸಾಗಿ ಇಳಿಯಲ್ಲ, ಮೇಲಿನ ಮಣ್ಣು ಪೂರ್ತಿ ತೊಯ್ದು ಇನ್ನು ಹಿಡಿಯಕ್ಕಾಗಲ್ಲ ಅನ್ನೋವಾಗ ಮಾತ್ರ ಕೆಳಗೆ ಬಿಡುತ್ತೆ. ಅಂದ್ರೆ ತಳದಲ್ಲಿ ನಿಲ್ಲೋ ಒದ್ದೆ ಪದರ ಜಲ್ಲಿಯಿಂದ ಇನ್ನೂ ಎರಡು ಇಂಚು ಮೇಲಕ್ಕೆ ಬಂತು ಅಷ್ಟೇ, ಬೇರಿಗೆ ಜಾಗ ಕಮ್ಮಿ ಆಯ್ತು. ಪಾತ್ರೆ ತೊಳೆಯೋ ಸ್ಪಂಜು ಒದ್ದೆ ಮಾಡಿ ಅಡ್ಡ ಹಿಡಿದು ನೋಡಿ, ತೊಟ್ಟಿಕ್ಕೋದು ನಿಂತ ಮೇಲೆ ಉದ್ದಕ್ಕೆ ನಿಲ್ಲಿಸಿ, ಮತ್ತೆ ನೀರು ಸುರಿಯುತ್ತೆ. ಕುಂಡ ಎತ್ತರ ಇದ್ದಷ್ಟೂ ಬಸಿಯೋದು ಚೆನ್ನ. ಜಲ್ಲಿ ಹಾಕಿದ್ರೆ ಕುಂಡ ಗಿಡ್ಡ ಮಾಡಿದ ಹಾಗೆ.

ಎರೆಹುಳು
ಇದನ್ನ ಒಪ್ಪಲ್ಲ ನಾನು. ನಮ್ಮ ಅಜ್ಜಿ ಕಾಲದಿಂದ ಬೋಕಿಬಿಲ್ಲೆ, ಜಲ್ಲಿ ಹಾಕೇ ಕುಂಡ ತುಂಬಿಸಿರೋದು.

ಕುಂಡಲೋಕ
ತೂತು ಮುಚ್ಚಿ ಹೋಗದ ಹಾಗೆ ಒಂದು ಬೋಕಿಬಿಲ್ಲೆ ಕವುಚಿ ಇಡೋದು ಸರೀನೇ, ಅದು ಮಣ್ಣು ತಡೆಯಕ್ಕೆ. ಎರಡು ಇಂಚು ಜಲ್ಲಿ ಬೇರೆ ಕತೆ. ಸ್ಪಂಜು ಪರೀಕ್ಷೆ ಮಾಡಿ ನೋಡಿ, ಆಮೇಲೆ ಜಗಳ ಮಾಡೋಣ.

ಎರೆಹುಳು
ಮಾಡಿದೆ. ನಿಜ ಮಾರಾಯ್ರೆ, ನಿಲ್ಲಿಸಿದ ಕೂಡ್ಲೆ ಮತ್ತೆ ಸುರೀತು 😮

ಹೂಬಳ್ಳಿ
ಮಧ್ಯೆ ಬಾಯಿ ಹಾಕ್ತೀನಿ ಸಾರಿ, ನನ್ನ ಮೆಣಸಿನ ಗಿಡದಲ್ಲಿ ಕವಲು ಒಡೆಯೋ ಜಾಗದಲ್ಲೆಲ್ಲ ನೇರಳೆ ಕಪ್ಪು ಪಟ್ಟಿ ಬಂದಿದೆ ಅದೂ ರೋಗಾನಾ?

ಚಿಗುರೆಲೆ
ಅಲ್ಲ. ಮೆಣಸಿಗೆ ಗಿಣ್ಣಲ್ಲಿ ನೇರಳೆ ಬಣ್ಣ ಮಾಮೂಲು, ಬಿಸಿಲು ಜಾಸ್ತಿ ಇದ್ರೆ ಇನ್ನೂ ಗಾಢ. ಒತ್ತಿ ನೋಡಿ, ಗಟ್ಟಿ ಇದ್ರೆ ಬಿಟ್ಟುಬಿಡಿ. ಮೆತ್ತಗಾಗಿ ಒಳಕ್ಕೆ ಹೋದ್ರೆ, ಮೇಲಿನ ಕವಲು ಒಣಗ್ತಾ ಬಂದ್ರೆ ಮಾತ್ರ ಕೊಳೆ.

ಹೂಬಳ್ಳಿ
ಗಟ್ಟಿ ಇದೆ. ಥ್ಯಾಂಕ್ಸ್ ರೀ, ಎರಡು ಗಿಡ ಕಿತ್ತೇ ಹಾಕ್ತಿದ್ದೆ.

ಗಟ್ಟಿಬುಡ
ಮೇಲಿನ ಪೋಸ್ಟ್ ಎಲ್ಲ ಓದಿದೆ. ಎಲ್ಲರೂ ಗೊಬ್ಬರದ ಮಾತು ಬಿಟ್ಟೇಬಿಟ್ಟೀರಲ್ರೀ. ಕೊಟ್ಟಿಗೆ ಗೊಬ್ಬರ ಹಾಕೀರೇನ್ರಿ? ಕಳೆನಾಶಕ ಹೊಡೆದ ಹುಲ್ಲು ದನ ತಿಂದ್ರ ಆ ಔಷಧ ಸಗಣಿಯೊಳಗ ಹಂಗ ಬರ್ತದ, ಗೊಬ್ಬರ ಕಳಿತು ಅಂದ್ರೂ ಅದು ಕಳಿಯೂದಿಲ್ಲ. ಅಮಿನೋಪೈರಾಲಿಡ್ ಅಂತ ಒಂದೈತಿ, 2008ರಾಗ ಬ್ರಿಟನ್‌ನಾಗ ಮನಿ ತೋಟದ ಮಂದಿ ಟೊಮೇಟೊ, ಬೀನ್ಸ್ ಎಲ್ಲಾ ಸೊಟ್ಟ ಆದವು ಅಂತ ದೊಡ್ಡ ಗದ್ದಲ ಆಗಿ ಅದರ ಮಾರಾಟಾನ ಆ ವರ್ಷ ತಡೆದಿದ್ರು. ನನ್ನ ಗಿಡಕ್ಕ ಒಮ್ಮೆ ಆಗಿತ್ತು, ಕಾಂಡ ಹಾವಿನಂಗ ತಿರುಚಿ, ತುದಿ ಎಲಿ ಜರೀಗಿಡದಂಗ ಸುರುಳಿ ಸುತ್ತಿ, ಬುಡದಾಗ ಇಂಥಾವೇ ಗುಳ್ಳಿ.

ತಾರಸಿಗಿಡ
ಗೊಬ್ಬರ ಹಾಕಿದೀನಿ ಸರ್, ಆದ್ರೆ ತುದಿ ಎಲೆ ಅಗಲವಾಗೇ ಇದೆ, ಸುರುಳಿ ಇಲ್ಲ. ಕಾಂಡವೂ ನೇರ ಇದೆ.

ಗಟ್ಟಿಬುಡ
ಹಂಗಿದ್ರ ಅದಲ್ಲ ಬಿಡ್ರಿ. ಆದ್ರೂ ಮುಂದಿನ ಸಲ ಗೊಬ್ಬರ ಬೆರೆಸಿದ ಮಣ್ಣಾಗ ಒಂದ್ ನಾಕ ಬೀನ್ಸ್ ಬೀಜ ಹಾಕಿ ಮೂರು ವಾರ ನೋಡ್ರಿ. ಎಲಿ ಬಟ್ಟಲದಂಗ ಮಡಚಿ ಬಂದ್ರ ಆ ಗೊಬ್ಬರ ಟೊಮೇಟೊಕ್ಕ ಬ್ಯಾಡ. ನಾ ಈಗ ಹೊಸಾ ಗೊಬ್ಬರ ಬಂದಾಗೆಲ್ಲ ಹಂಗ ಮಾಡ್ತೀನಿ.

ಬೇರುಬಳಗ
ಇದು ಒಳ್ಳೇ ಉಪಾಯ ಸರ್, ನಾನೂ ಮಾಡ್ತೀನಿ.

@ತಾರಸಿಗಿಡ, 4 ಗಿಡದಲ್ಲೂ ಗುಳ್ಳೆ ಒಂದೇ ಥರ ಇದ್ಯಾ? ಎಲ್ಲಿಂದ ಶುರು ಆಗಿ ಎಲ್ಲಿ ಮುಗಿಯುತ್ತೆ, ಒಂದೊಂದನ್ನೇ ನೋಡಿ ಹೇಳಿ. ಎಲ್ಲಾ ಒಂದೇ ಅಂತ ದೂರದಿಂದ ಹೇಳಿದ್ರೆ ಆಗಲ್ಲ. ಗುಳ್ಳೆ ಇರೋ ಜಾಗವೇ ಅರ್ಧ ಉತ್ತರ ಹೇಳುತ್ತೆ.

ತಾರಸಿಗಿಡ
ಈಗ ಟಾರ್ಚ್ ಹಿಡ್ಕೊಂಡು ಕೂತು ನೋಡಿದೆ. 1 ಮತ್ತು 3: ಮಣ್ಣಿಂದ್ಲೇ ಶುರು, ಸುತ್ತ ಇದೆ, ಮೇಲಕ್ಕೆ ಹೋದ ಹಾಗೆ ಕಮ್ಮಿ. 2ನೇದು ಬೇರೆ ಥರ! ಬುಡ ನುಣ್ಣಗಿದೆ, ಕೋಲಿಗೆ ಕಟ್ಟಿದ ಪ್ಲಾಸ್ಟಿಕ್ ದಾರ ಇದ್ಯಲ್ಲ, ಅದರ ಮೇಲೆ ಮಾತ್ರ ಗುಳ್ಳೆ, ಅದೂ ದಟ್ಟವಾಗಿ. ದಾರದ ಮೇಲಿನ ಭಾಗ ಕೆಳಗಿನದಕ್ಕಿಂತ ದಪ್ಪ ಆಗಿ ಉಬ್ಬಿದೆ. 4ನೇದರಲ್ಲಿ ಅಲ್ಲೊಂದು ಇಲ್ಲೊಂದು.

ಚಿಗುರೆಲೆ
ದಾರ ಕಾಂಡಕ್ಕೆ ಕಚ್ಚಿಕೊಂಡಿದೆ ಅಲ್ವಾ! ಈಗ್ಲೇ ಕತ್ತರಿಸಿ. ಎಲೆ ಮಾಡಿದ ಸಕ್ಕರೆ, ಬೇರು ಬರಿಸೋ ಹಾರ್ಮೋನು ಎರಡೂ ಮೇಲಿಂದ ಕೆಳಕ್ಕೆ ತೊಗಟೆ ಒಳಭಾಗದಲ್ಲಿ ಇಳಿಯುತ್ತೆ, ದಾರ ಅಲ್ಲಿ ಕತ್ತು ಹಿಸುಕಿದ್ರೆ ಮೇಲೇ ಶೇಖರ ಆಗುತ್ತೆ. ಅದಕ್ಕೇ ಮೇಲೆ ಉಬ್ಬಿ ಬೇರು ಮೂಡಿರೋದು. ದಾಳಿಂಬೆ, ಸೀಬೆಗೆ ಗೂಟಿ ಕಟ್ಟೋವಾಗ ತೊಗಟೆ ಸುತ್ತ ಸುಲಿದು ಮೇಲಂಚಲ್ಲಿ ಬೇರು ಬರಿಸೋದೂ ಇದೇ ಲೆಕ್ಕ.

ಎಳೀಬೇಡಿ, ತೊಗಟೆ ಕಿತ್ತು ಬರುತ್ತೆ. ಗಂಟಿನ ಹಿಂದೆ ಕತ್ತರಿ ತುದಿ ತೂರಿಸಿ ಕತ್ತರಿಸಿ. ಆಮೇಲೆ ಹಳೇ ಬನಿಯನ್ ಬಟ್ಟೆ ಅಗಲಕ್ಕೆ ಸೀಳಿ ಎಂಟರ ಆಕಾರದಲ್ಲಿ ಸಡಿಲ ಕಟ್ಟಿ, ಕಿರುಬೆರಳು ಹೋಗೋಷ್ಟು ಸಡಿಲ.

ತಾರಸಿಗಿಡ
ಕತ್ತರಿಸಿದೆ. ದಾರ ಕೂತಿದ್ದ ಜಾಗದಲ್ಲಿ ಉಂಗುರದ ಗುರುತಿನ ಹಾಗೆ ಹಳ್ಳ ಬಿದ್ದಿದೆ. ನೋಡಿ ತುಂಬಾ ಬೇಜಾರಾಯ್ತು, ಎರಡು ತಿಂಗಳು ದಿನಾ ನೋಡ್ತಾ ಇದ್ರೂ ಇದು ಕಾಣಲೇ ಇಲ್ಲ.

ಹಿತ್ತಲಮದ್ದು
ಎಲೆ ಮರೆಯಲ್ಲಿ ಇರುತ್ತೆ ತಂಗಿ, ಯಾರಿಗೂ ಕಾಣಲ್ಲ. ಹುಷಾರಾಗುತ್ತೆ ಬಿಡು.

ಮಣ್ಣಿನವ
1, 3 ನೀರಿನ ಸಮಸ್ಯೆ ಹಾಗಾದ್ರೆ. ತಟ್ಟೆ ತೆಗೀರಿ, ಕುಂಡ ಎರಡು ಇಟ್ಟಿಗೆ ಮೇಲೆ ಇಡಿ. ದಿನಾ ಎರಡು ಹೊತ್ತು ಅಂತ ಲೆಕ್ಕ ಇಟ್ಕೊಂಡು ನೀರು ಹಾಕಬೇಡಿ, ಬೆರಳು ಎರಡು ಗಿಣ್ಣು ಒಳಗೆ ಹೋದಾಗ ಒಣಗಿದ್ರೆ ಹಾಕಿ. ಇನ್ನೂ ಸುಲಭ ಅಂದ್ರೆ ಕುಂಡ ಸ್ವಲ್ಪ ವಾಲಿಸಿ ಭಾರ ನೋಡೋದು, ನಾಲ್ಕು ದಿನದಲ್ಲಿ ಕೈಗೇ ಗೊತ್ತಾಗಿಬಿಡುತ್ತೆ.

ಈಗ ಮುಖ್ಯವಾಗಿ 4ನೇದು. ಹಸಿರಾಗಿರುವಾಗ್ಲೇ ಬಾಡಿ ಬೀಳೋದು ನಂಗೆ ಸರಿ ಕಾಣ್ತಿಲ್ಲ.

ಮೊಳಕೆ
ಬೇರು ಕೊಳೆತಿರಬಹುದಲ್ವಾ ಅದೂ ನೀರಿಂದ್ಲೇ?

ಮಣ್ಣಿನವ
ಇರಬಹುದು. ಆದ್ರೆ ಬೇರು ಕೊಳೆತ್ರೆ ಸಾಮಾನ್ಯವಾಗಿ ಕೆಳಗಿನ ಎಲೆ ಹಳದಿ ಆಗ್ತಾ ನಿಧಾನಕ್ಕೆ ಹೋಗುತ್ತೆ. ಫ್ಯುಸೇರಿಯಂ ಅನ್ನೋ ಫಂಗಸ್ಸಿನ ಸೊರಗು ಆದ್ರೂ ಹಳದಿ ಬರುತ್ತೆ, ಎಷ್ಟೋ ಸಲ ಗಿಡದ ಒಂದೇ ಪಕ್ಕಕ್ಕೆ, ಒಂದೇ ಎಲೆಯ ಅರ್ಧಕ್ಕೆ. ತುದಿ ಎಳೆ ಎಲೆ ಮೊದಲು ಸೋತು, ಹಳದಿ ಆಗದೆ, ನಾಲ್ಕೈದು ದಿನದಲ್ಲಿ ಗಿಡವೇ ಮಲಗಿದ್ರೆ ದುಂಡಾಣು ಸೊರಗು ರೋಗದ ಅನುಮಾನ. ರಾಲ್‌ಸ್ಟೋನಿಯಾ ಅಂತ ಬ್ಯಾಕ್ಟೀರಿಯಾ, 1896ರಲ್ಲೇ ಗುರುತಿಸಿದ್ದು. ಬೇರಿನ ಗಾಯದಿಂದ ಒಳಗೆ ಹೋಗಿ ನೀರಿನ ನಾಳದಲ್ಲೇ ಬೆಳೆದು ನಾಳ ಕಟ್ಟಿಸುತ್ತೆ. ಆ ಗಿಡದ ಕಾಂಡದಲ್ಲೂ ಗುಳ್ಳೆ ಏಳೋದು ಉಂಟು, ಅದಕ್ಕೇ ಗುಳ್ಳೆ ನೋಡಿ ಒಂದೇ ಅಂದ್ಕೊಂಡು ಮೋಸ ಹೋಗ್ತೀವಿ.

ಮನೇಲೇ ಪರೀಕ್ಷೆ ಮಾಡಬಹುದು. ಅದು ಹೇಗೂ ಏಳಲ್ಲ ಅನ್ನೋ ಸ್ಥಿತಿಗೆ ಬಂದಿದ್ರೆ ಬುಡದ ಹತ್ರ ಎರಡು ಮೂರು ಇಂಚು ಕಾಂಡ ಕತ್ತರಿಸಿ, ಗಾಜಿನ ಲೋಟದಲ್ಲಿ ತಿಳಿ ನೀರು ತಗೊಂಡು, ತುಂಡಿನ ಕೆಳತುದಿ ಮಾತ್ರ ನೀರಿಗೆ ತಾಗೋ ಹಾಗೆ ದಾರದಲ್ಲಿ ನೇತುಹಾಕಿ. ಅಲ್ಲಾಡಿಸಬೇಡಿ. ಹಿಂದೆ ಕಪ್ಪು ಬಟ್ಟೆ ಇಟ್ಟು ನೋಡಿ. ಕೆಲವೇ ನಿಮಿಷದಲ್ಲಿ ಹಾಲಿನ ಎಳೆ ಥರ ಬೆಳ್ಳಗೆ ಕೆಳಕ್ಕೆ ಇಳಿದ್ರೆ ಅದೇ.

ಕುಂಡಲೋಕ
ಅದೇ ತುಂಡನ್ನ ಉದ್ದಕ್ಕೆ ಸೀಳಿಯೂ ನೋಡಿ. ಮಧ್ಯದ ಬೆಂಡು ಮೆಟ್ಟಿಲು ಮೆಟ್ಟಿಲಾಗಿ ಟೊಳ್ಳಾಗಿ, ಗಿಡ ಮಾತ್ರ ದಷ್ಟಪುಷ್ಟ ಬೆಳೆದಿದ್ರೆ ಬೆಂಡು ಕೊಳೆ ಆಗಿರಬಹುದು, ಅದೂ ಬ್ಯಾಕ್ಟೀರಿಯಾನೇ, ಸಾರಜನಕ ಜಾಸ್ತಿ ಹಾಕಿದ ಗಿಡಕ್ಕೆ ರಾತ್ರಿ ತಂಪಿದ್ದಾಗ ಬರುತ್ತೆ. ಅದರಲ್ಲೂ ಕಾಂಡದ ಮೇಲೆ ಬೇರು ಮೂಡುತ್ತೆ, ಆದ್ರೆ ಎಷ್ಟೋ ಗಿಡ ಸುಧಾರಿಸಿಕೊಳ್ಳುತ್ತೆ. ಬುಡದಲ್ಲಿ ಬಿಳಿ ಬೂಷ್ಟು, ಅದರ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಕಂದು ಕಾಳು ಇದ್ದಿದ್ರೆ ಸ್ಕ್ಲೆರೋಶಿಯಂ ಅನ್ನೋ ಬುಡ ಕೊಳೆ. ಅದಿಲ್ಲ ಅಂದ್ಕೊಂಡಿದೀನಿ, ಇದ್ದಿದ್ರೆ ಹೇಳ್ತಿದ್ರಿ.

ಎರೆಹುಳು
ಯಾಕೆ ಇಷ್ಟೆಲ್ಲ, ಕಿತ್ತು ಬಿಸಾಕಿದ್ರೆ ಆಯ್ತಲ್ಲ. 4 ಗಿಡದಲ್ಲಿ ಒಂದು.

ಬೇರುಬಳಗ
ಕಿತ್ತ ಮೇಲೆ ಆ ಮಣ್ಣು ಏನು ಮಾಡ್ತೀರ? ಅದಕ್ಕೇ ಗೊತ್ತಿರಬೇಕು. ಬರೀ ಬೇರು ಕೊಳೆ ಆದ್ರೆ ಮಣ್ಣು ಒಣಗಿಸಿ ಸಡಿಲ ಮಾಡಿ ಮತ್ತೆ ಬಳಸ್ತೀವಿ. ದುಂಡಾಣು ಆದ್ರೆ ಆ ಮಣ್ಣಲ್ಲಿ ಬದನೆ, ಮೆಣಸು, ಆಲೂಗಡ್ಡೆ ಯಾವುದೂ ವರ್ಷಗಟ್ಟಲೆ ಹಾಕಂಗಿಲ್ಲ, 200ಕ್ಕೂ ಹೆಚ್ಚು ಜಾತಿ ಗಿಡಕ್ಕೆ ತಗಲುತ್ತೆ ಅದು. ನಾನು ಒಂದು ಸಲ ಗೊತ್ತಿಲ್ದೆ ಅಂಥಾ ಕುಂಡದ ಮಣ್ಣನ್ನ ಉಳಿದ 6 ಕುಂಡಕ್ಕೆ ಹಂಚಿಬಿಟ್ಟೆ. ಆ ಸಲ ಒಂದು ಕಾಯಿ ಕೂಡ ಕೈಗೆ ಸಿಗಲಿಲ್ಲ. ಇವತ್ತಿಗೂ ನೆನೆಸಿಕೊಂಡ್ರೆ ಹೊಟ್ಟೆ ಉರಿಯುತ್ತೆ.

ಎರೆಹುಳು
ಸರಿ ಸರಿ, ಗೊತ್ತಿರಲಿಲ್ಲ.

ನೆರಳುಗಿಡ
ಕಾಂಡದ ಮಾತು ಬಂತು ಅಂತ ಕೇಳ್ತೀನಿ, ನಮ್ಮ ಚೆಂಡುಹೂ ಗಿಡದ ಒಂದು ಕೊಂಬೆ ಚಪ್ಪಟೆ ಆಗಿ ಪಟ್ಟಿ ಥರ ಬೆಳೀತಿದೆ, ತುದಿಯಲ್ಲಿ ಎರಡು ಮೂರು ಹೂ ಅಂಟಿಕೊಂಡ ಹಾಗೆ. ಕತ್ತರಿಸಬೇಕಾ?

ಚಿಗುರೆಲೆ
ಬೇಡ. ಬೆಳೆಯೋ ತುದಿ ಚುಕ್ಕಿ ಥರ ಇರೋ ಬದಲು ಗೆರೆ ಥರ ಅಗಲ ಆದ್ರೆ ಹಂಗಾಗುತ್ತೆ. ಸಾಮಾನ್ಯವಾಗಿ ಪಕ್ಕದ ಕೊಂಬೆಗೆ ಹರಡಲ್ಲ. ಕೋಳಿಜುಟ್ಟಿನ ಹೂ ನೋಡಿದೀರಲ್ಲ, ಆ ಜುಟ್ಟು ಇದೇ, ಅದರಲ್ಲಿ ಬೀಜದಿಂದ ಬೀಜಕ್ಕೆ ಬರೋ ಗುಣ ಆಗಿಬಿಟ್ಟಿದೆ. ಬುಡದ ಹತ್ರ ಮಾತ್ರ ಮುದ್ದೆ ಮುದ್ದೆ ಚಿಗುರು ಬಂದ್ರೆ ಬ್ಯಾಕ್ಟೀರಿಯಾ ಇರಬಹುದು, ಕೊಂಬೆಯಲ್ಲಾದ್ರೆ ಬಿಡಿ, ನೋಡಕ್ಕೆ ಚೆಂದ.

ತಾರಸಿಗಿಡ
ಪರೀಕ್ಷೆ ಮಾಡಿದೆ. ಬೆಳಿಗ್ಗೆ ನೋಡೋ ಹೊತ್ತಿಗೆ ಗಿಡ ಪೂರ್ತಿ ಮಲಗಿತ್ತು, ಹಸಿರು ಎಲೆ ಹಾಗೇ ಬಾಡಿ ನೇತಾಡ್ತಿತ್ತು, ಮುಟ್ಟಿದ್ರೆ ಒದ್ದೆ ಬಟ್ಟೆ ಮುಟ್ಟಿದ ಹಾಗೆ. ಮಣ್ಣಿನವ ಸರ್ ಹೇಳಿದ ಹಾಗೆ ಬುಡದ ತುಂಡು ಕತ್ತರಿಸಿ ಲೋಟದಲ್ಲಿ ನೇತುಹಾಕಿ ಹಿಂದೆ ಕಪ್ಪು ಕೊಡೆ ಬಿಚ್ಚಿಟ್ಟೆ. ಮೊದಲು ಏನೂ ಇರಲಿಲ್ಲ, ಎರಡು ನಿಮಿಷ ಆದ ಮೇಲೆ ಕೆಳತುದಿಯಿಂದ ಊದುಬತ್ತಿ ಹೊಗೆ ತಲೆಕೆಳಗಾಗಿ ಇಳಿದ ಹಾಗೆ ಬಿಳಿ ಎಳೆ ಇಳೀತು. ಒಂದಲ್ಲ, ಮೂರು ನಾಲ್ಕು. ಹತ್ತು ನಿಮಿಷಕ್ಕೆ ನೀರೆಲ್ಲ ಮಬ್ಬು. ಹೋಲಿಸಕ್ಕೆ ಅಂತ 1ನೇ ಗಿಡದ ಒಂದು ಪಕ್ಕದ ಚಿಗುರು ಬೇರೆ ಲೋಟದಲ್ಲಿ ಹಾಕಿದ್ದೆ, ಅದರ ನೀರು ತಿಳಿಯಾಗೇ ಇದೆ.

ಸೀಳಿದಾಗ ಒಳಗೆ ಬೆಂಡಿನ ತನಕ ಕಂದು. ಟೊಳ್ಳು ಇಲ್ಲ.

ಮಣ್ಣಿನವ
ಅದೇ. ಬೇಜಾರು ಮಾಡ್ಕೋಬೇಡಿ, ಇದಕ್ಕೆ ಔಷಧಿ ಇಲ್ಲ, ತಾಮ್ರ ಎಲೆ ಮೇಲೆ ಹೊಡೆದ್ರೆ ನಾಳದ ಒಳಗಿನ ಬ್ಯಾಕ್ಟೀರಿಯಾಗೆ ತಲುಪಲ್ಲ. ಒಂದು ಮಾತು, ಎಳೆ ಚಿಗುರಲ್ಲಿ ಬಿಳಿ ಎಳೆ ಬರಲಿಲ್ಲ ಅಂದ್ರೆ 1ನೇ ಗಿಡ ಪೂರ್ತಿ ಕ್ಷೇಮ ಅಂತ ಅಲ್ಲ, ಬುಡದಲ್ಲಿದ್ರೆ ತುದಿಗೆ ಬರಕ್ಕೆ ಸಮಯ ಬೇಕು. ಎರಡು ವಾರ ಕಣ್ಣಿಟ್ಟಿರಿ.

ಗಿಡ, ಬೇರು, ಮಣ್ಣು ಎಲ್ಲಾ ಚೀಲಕ್ಕೆ ಕಟ್ಟಿ ಕಸಕ್ಕೆ ಹಾಕಿ, ಕಾಂಪೋಸ್ಟಿಗೆ ಬೇಡ. ಲೋಟದ ನೀರು ಗಿಡದ ಕಡೆ ಚೆಲ್ಲಬೇಡಿ. ಕುಂಡ ಉಜ್ಜಿ ತೊಳೆದು 1 ಭಾಗ ಬ್ಲೀಚ್‌ಗೆ 9 ಭಾಗ ನೀರು ಹಾಕಿ ಅರ್ಧ ಗಂಟೆ ನೆನೆಸಿ, ಬಿಸಿಲಲ್ಲಿ ಒಣಗಿಸಿ. ಕತ್ತರಿಗೆ 70% ಆಲ್ಕೋಹಾಲ್ ಒರೆಸಿ. 4ನೇ ಕುಂಡದಿಂದ ಬಸಿದ ನೀರು ಉಳಿದ ಕುಂಡದ ಕಡೆ ಹರಿದಿತ್ತಾ?

ತಾರಸಿಗಿಡ
ಇಲ್ಲ, ತಟ್ಟೆಯಲ್ಲೇ ನಿಲ್ತಿತ್ತು. ಆದ್ರೆ ದಾರ ಕತ್ತರಿಸಿದ ಕತ್ತರಿಯಲ್ಲೇ 4ನೇದರ ಎಲೆ ಕತ್ತರಿಸಿದ್ದೆ, ಮೊದಲು 2, ಆಮೇಲೆ 4.

ಬೇರುಬಳಗ
ಆ ಕ್ರಮ ಆದ್ರೆ ಪರವಾಗಿಲ್ಲ, ತಿರುಗಾ ಮುರುಗಾ ಆಗಿದ್ರೆ ಚಿಂತೆ ಇತ್ತು.

ಗಟ್ಟಿಬುಡ
ಮುಂದಿನ ಸಲ ಸುಂಡೆ ಗಿಡದ ಬುಡಕ್ಕ ಟೊಮೇಟೊ ಕಸಿ ಕಟ್ಟಿ ನೋಡ್ರಿ. ಸುಂಡೆ ಬೇರು ಈ ರೋಗ ಬಾಳ ತಡಕೋತದ. ನಂದು ಮೂರು ಗಿಡ ಹಂಗ ಐತಿ, ಕಸಿ ಜಾಗ ಮಣ್ಣಿನಿಂದ ಮ್ಯಾಲ ಇರಬೇಕು ಮತ್ತ, ಟೊಮೇಟೊ ಕಾಂಡ ಮಣ್ಣಿಗೆ ತಾಗಿತಂದ್ರ ತನ್ನ ಬೇರು ಬಿಟ್ಟು ರೋಗ ಕರಕೊಂಡ ಬರ್ತದ.

ಹಿತ್ತಲಮದ್ದು
ಓಹೋ, ಅಂದ್ರೆ ಕಸಿ ಗಿಡಕ್ಕೆ ಮಣ್ಣು ಏರಿಸಬಾರ್ದು. ಇದು ನಂಗೆ ಹೊಸದು. ಮಣ್ಣಿನವರೇ, ನೀವು ಹೇಳಿದ್ದೂ ಸರಿ, ಕುಂಡ ಹೇಗಿದೆ ನೋಡ್ದೆ ನಾನು ಹೇಳಬಾರ್ದಿತ್ತು.

ಮಣ್ಣಿನವ
ಅಯ್ಯೋ ಅಕ್ಕ, 1, 3ಕ್ಕೆ ನೀರು ಸರಿಯಾದ ಮೇಲೆ ನಿಮ್ಮ ಉಪಾಯವೇ ಮಾಡಬೇಕಿರೋದು.

ತಾರಸಿಗಿಡ
3 ವಾರ ಆಯ್ತು, ಹೇಳಿ ಹೋಗೋಣ ಅಂತ ಬಂದೆ. 1, 3 ಇಟ್ಟಿಗೆ ಮೇಲೆ ಇಟ್ಟಾಗ ತೂತಿಂದ ಕಂದು ನೀರು ಒಂದು ಚೊಂಬು ಇಳೀತು, ಹಳಸಿದ ವಾಸನೆ. ತೂತಲ್ಲಿ ಬೇರು ಹೆಣೆದು ಬಿರಡೆ ಹಾಕಿದ ಹಾಗೆ ಆಗಿತ್ತು, ಬಿಡಿಸಿದೆ, ಪಕ್ಕದಲ್ಲಿ ಹೊಸ ತೂತು ಕೊರೆದೆ. ಮೊದಲ ವಾರ ನೀರು ಮೂರೇ ಸಲ ಹಾಕಿದ್ದು. ಎರಡನೇ ವಾರ ಮೂರು ಇಂಚು ಎರೆಗೊಬ್ಬರ ಬೆರೆಸಿದ ಮಣ್ಣು ಏರಿಸಿದೆ, ನಿನ್ನೆ ಬೆರಳಲ್ಲಿ ಸ್ವಲ್ಪ ಕೆದಕಿದ್ರೆ ಆ ಗುಳ್ಳೆಗಳೆಲ್ಲ ಬೆಳ್ಳಗೆ ಅರ್ಧ ಬೆರಳುದ್ದ ಬೇರಾಗಿವೆ. ಮಣ್ಣಿಂದ ಮೇಲೆ ಉಳಿದ ಗುಳ್ಳೆ ಒಣಗಿ ಕಂದಾಗಿದೆ.

2ನೇದರ ಹಳ್ಳ ಇನ್ನೂ ಇದೆ, ಆದ್ರೆ ಅಂಚು ತುಂಬಿಕೊಂಡು ಬರ್ತಿದೆ, ಅದರಲ್ಲೇ ಎಲ್ಲಕ್ಕಿಂತ ಜಾಸ್ತಿ ಕಾಯಿ, 11 ಎಣಿಸಿದೆ. ಯಾವುದೂ ಬಾಡಿಲ್ಲ. 4ನೇ ಕುಂಡ ಖಾಲಿ ಇದೆ, ತೊಳೆದು ಕವುಚಿ ಇಟ್ಟಿದೀನಿ, ಅದರಲ್ಲಿ ಏನು ಹಾಕ್ಲಿ?

ಹೂಬಳ್ಳಿ
ಹೊಸ ಮಣ್ಣಲ್ಲಿ ಬೆಂಡೆ ಹಾಕಿ, ಟೊಮೇಟೊ ಜಾತಿ ಅಲ್ಲ ಅದು. ತೂತು ಮಾತ್ರ ಮೊದಲೇ ನೋಡ್ಕೊಳ್ಳಿ 🙂